ಪರದೇಶಿ ಚಾರ್ಲಿ ಚಾಪ್ಲಿನ್

ನಮ್ಮ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಮೊದಲನೆಯದು. ತನ್ನವರೆಂಬವರಿಲ್ಲದ, ದಿಕ್ಕುದೆಸೆಯಿಲ್ಲದ ಮನುಷ್ಯ ಎಂಬುದು ಎರಡನೆಯದು. ಈ ಎರಡೂ ಅರ್ಥಗಳಲ್ಲಿ ಪರದೇಶಿಯಾಗಿದ್ದುಕೊಂಡೇ ಲೋಕದ ಮನೆಮನೆಯನ್ನೂ ಹೊಕ್ಕ ಕಲಾವಿದನೊಬ್ಬನಿದ್ದ. ಬಿಗಿಯಾದ ಕೋಟು, ಜೋಲುವ ಪ್ಯಾಂಟು, ಪುಟ್ಟ ಮೀಸೆ, ಕೈಯಲ್ಲೊಂದು ಬೆತ್ತ ಎಂದಷ್ಟು ಹೇಳಿದರೆ ಸಾಕು, ಎಳೆಯ ಮಗುವೂ ಅವನ ಹೆಸರನ್ನು ಹೇಳುತ್ತದೆ.

ಚಾರ್ಲಿ ಚಾಪ್ಲಿನ್ ಎಂದರೆ ನಗು ಎಂಬಲ್ಲಿಗೆ ನಮ್ಮಲ್ಲಿ ಅನೇಕರ ಪರಿಚಯ ಮುಗಿದುಬಿಡುತ್ತದೆ. ಆದರೆ ಆತ ಕೇವಲ ನಟನಲ್ಲ. ತನ್ನ ಚಿತ್ರಗಳ ಕಥೆಗಾರ, ನಿರ್ದೇಶಕ, ನಿರ್ಮಾಪಕ, ಸಂಕಲನಕಾರ ಎಲ್ಲವೂ ಆತನೇ. ಸಂಗೀತವನ್ನು ಸಂಯೋಜಿಸಿದವನೂ ಆತನೇ. ತರಗತಿಯಲ್ಲಿ ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಪಾಠ ಮಾಡುವಾಗ ಆರ್ಥಿಕ ಮುಗ್ಗಟ್ಟು, ಹಿಟ್ಲರನ ಉದಯ, ಶೀತಲ ಸಮರ ಎಂದು ಬೇರೆ ಬೇರೆ ಅಧ್ಯಾಯಗಳನ್ನಾಗಿ ಮಾಡಿ ಹೇಳುತ್ತಿದ್ದೆವು. ಈ ಒಬ್ಬ ವಿದೂಷಕನ ಬದುಕು ಆ ಮೂರೂ ಅಧ್ಯಾಯಗಳ ನಡುವೆ ಹಾದುಹೋಗುತ್ತದೆ. ಪ್ರತಿಯೊಂದು ಅಧ್ಯಾಯದಲ್ಲಿಯೂ ಯಾರೋ ಒಬ್ಬರು ಆತನನ್ನು ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆ ಒಂದೇ: ನೀನು ಯಾರವನು? ಆ ಪ್ರಶ್ನೆಯ ಎಳೆಯನ್ನು ಹಿಡಿದು ಆತನ ಕಥೆಯನ್ನು ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಇಬ್ಬರೂ ‘ಮ್ಯೂಸಿಕ್ ಹಾಲ್’ ಎಂದು ಕರೆಯಲಾಗುತ್ತಿದ್ದ ಜನಪ್ರಿಯ ರಂಗಮಂದಿರಗಳ ಗಾಯಕರು. ತಂದೆ ಕುಡಿತಕ್ಕೆ ಬಲಿಯಾಗಿ 1901ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅದಕ್ಕೂ ಬಹಳ ಮುಂಚೆಯೇ ಸಂಸಾರದ ಭಾರವೆಲ್ಲ ತಾಯಿ ಹನ್ನಾಳ ಹೆಗಲಿಗೆ ಬಿದ್ದಿತ್ತು. ಒಂದು ರಾತ್ರಿ ವೇದಿಕೆಯ ಮೇಲೆಯೇ ಆಕೆಯ ಕಂಠ ಕೈಕೊಟ್ಟಾಗ, ತಾಯಿಯ ಬದಲು ಐದು ವರ್ಷದ ತಾನು ನಿಂತು ಹಾಡಿದುದನ್ನು ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಪ್ರೇಕ್ಷಕರು ಚಿಲ್ಲರೆ ಕಾಸುಗಳನ್ನು ವೇದಿಕೆಯತ್ತ ಎಸೆದರಂತೆ. ಮಗನ ಕಲಾಜೀವನ ಆರಂಭವಾದದ್ದು ತಾಯಿಯ ಕಲಾಜೀವನ ಮುಗಿದ ಗಳಿಗೆಯಲ್ಲಿ.

1896ರಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳು ಲ್ಯಾಂಬೆತ್ ಎಂಬಲ್ಲಿದ್ದ ದರಿದ್ರರ ಆಶ್ರಯಗೃಹವನ್ನು ಸೇರಬೇಕಾಯಿತು. ಅಲ್ಲಿಂದ ಚಾರ್ಲಿಯನ್ನು ಹ್ಯಾನ್‌ವೆಲ್ಲಿನ ನಿರ್ಗತಿಕ ಮಕ್ಕಳ ಶಾಲೆಗೆ ಕಳುಹಿಸಲಾಯಿತು. ಮುಂದೆ ತಾಯಿಗೆ ಬುದ್ಧಿಭ್ರಮಣೆಯಾಗಿ ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಹಸಿವು, ಹರಿದ ಬೂಟು, ಪೊಲೀಸಿನವನ ಭಯ, ಯಾವಾಗ ಬೀದಿಗೆ ಬೀಳುತ್ತೇವೆಯೋ ಎಂಬ ಆತಂಕ ಇವು ಆತನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವೆಲ್ಲವೂ ಆತ ಬಾಲ್ಯದಲ್ಲಿ ಉಂಡ ಅನುಭವಗಳು.

ಫ್ರೆಡ್ ಕಾರ್ನೊ ಎಂಬಾತನ ಹಾಸ್ಯ ನಾಟಕ ಮಂಡಳಿಯ ನಟನಾಗಿ ಚಾಪ್ಲಿನ್ 1910ರಲ್ಲಿ ಮೊದಲ ಬಾರಿಗೆ ಅಮೆರಿಕೆಗೆ ಹೋದ. 1913ರ ಕೊನೆಯ ಹೊತ್ತಿಗೆ ಕೀಸ್ಟೋನ್ ಚಿತ್ರಸಂಸ್ಥೆ ವಾರಕ್ಕೆ 150 ಡಾಲರ್ ಸಂಬಳಕ್ಕೆ ಆತನನ್ನು ಸೇರಿಸಿಕೊಂಡಿತು. 1914ರ ಫೆಬ್ರವರಿಯಲ್ಲಿ ಅಲೆಮಾರಿಯ ಆ ಪ್ರಸಿದ್ಧ ವೇಷ ತೆರೆಯ ಮೇಲೆ ಕಾಣಿಸಿಕೊಂಡಿತು. ಕೇವಲ ಎರಡು ವರ್ಷಗಳ ಬಳಿಕ, 1916ರಲ್ಲಿ, ಮ್ಯೂಚುಯಲ್ ಸಂಸ್ಥೆಯೊಂದಿಗೆ ಆತ ಮಾಡಿಕೊಂಡ ಒಪ್ಪಂದ ವರ್ಷಕ್ಕೆ 6,70,000 ಡಾಲರುಗಳದ್ದು! ಮೂಕಿಚಿತ್ರಕ್ಕೆ ಭಾಷೆಯ ಹಂಗಿಲ್ಲದ್ದರಿಂದ ಇಂಗ್ಲಿಷ್ ಬಾರದ ವಲಸಿಗ ಕೂಲಿಕಾರನೂ ಆತನನ್ನು ನೋಡಿ ನಗಬಹುದಿತ್ತು. ಅಂದಿನ ಅಮೆರಿಕೆಯ ನಗರಗಳಲ್ಲಿ ಅಂಥ ಜನ ಲಕ್ಷಗಟ್ಟಲೆ ಇದ್ದರು.

ಅವರ ಕಥೆಯನ್ನೇ ಆತ 1917ರಲ್ಲಿ ‘ದಿ ಇಮಿಗ್ರೆಂಟ್’ ಎಂಬ ಕಿರುಚಿತ್ರವನ್ನಾಗಿ ಮಾಡಿದ. ಹಡಗಿನ ಮೇಲಿಂದ ವಲಸಿಗರೆಲ್ಲರೂ ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನು ಕಣ್ತುಂಬ ನೋಡುತ್ತಿರುತ್ತಾರೆ. ಮರುಕ್ಷಣವೇ ಅಧಿಕಾರಿಗಳು ಬಂದು ಹಗ್ಗ ಎಳೆದು ಅವರನ್ನೆಲ್ಲ ದನಗಳಂತೆ ಒಂದು ಕಡೆಗೆ ಒತ್ತರಿಸುತ್ತಾರೆ. ಅಲೆಮಾರಿ ಚಾರ್ಲಿ ಸಮಯ ನೋಡಿ ಒಬ್ಬ ಅಧಿಕಾರಿಯ ಹಿಂಭಾಗಕ್ಕೆ ಒದೆಯುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಸ್ವಾತಂತ್ರ್ಯದ ಪ್ರತಿಮೆಯ ಪಕ್ಕದಲ್ಲಿಯೇ ಆ ಹಗ್ಗವನ್ನಿಟ್ಟು ತೋರಿಸಿದ್ದೇ ಆ ಚಿತ್ರದ ಟೀಕೆ. ಅದಕ್ಕೆ ಬೇರೆ ಮಾತು ಬೇಕಾಗಲಿಲ್ಲ.

ಆತನ ಸಂಗೀತದ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಚಾಪ್ಲಿನ್ ಪಿಟೀಲು ಮತ್ತು ಚೆಲ್ಲೋ ವಾದ್ಯಗಳನ್ನು ತರುಣಾವಸ್ಥೆಯಲ್ಲಿಯೇ ಅಭ್ಯಾಸ ಮಾಡಿದ್ದ. ಎಡಚನಾದುದರಿಂದ ಪಿಟೀಲಿನ ತಂತಿಗಳನ್ನು ತಿರುವುಮುರುವಾಗಿ ಕಟ್ಟಿಸಿಕೊಂಡು ನುಡಿಸುತ್ತಿದ್ದ. ಆದರೆ ಸ್ವರಲಿಪಿಯನ್ನು ಓದಲು ಬರೆಯಲು ಆತನಿಗೆ ಬರುತ್ತಿರಲಿಲ್ಲ. ತಲೆಯಲ್ಲಿ ಹುಟ್ಟಿದ ರಾಗವನ್ನು ಗುನುಗಿಯೋ ಪಿಯಾನೋದ ಮೇಲೆ ನುಡಿಸಿಯೋ ತೋರಿಸಿದರೆ, ಬಲ್ಲ ಸಂಗೀತಗಾರರು ಅದನ್ನು ಬರೆದುಕೊಂಡು ವಾದ್ಯವೃಂದಕ್ಕೆ ಅಳವಡಿಸುತ್ತಿದ್ದರು. ಅವರು ಅಲೆಮಾರಿಯ ಚೇಷ್ಟೆಗಳಿಗೆ ತಕ್ಕಂತೆ ಹಾಸ್ಯದ ಸಂಗೀತವನ್ನು ಹೊಂದಿಸಲು ಹೋದರೆ ಚಾಪ್ಲಿನ್ ಒಪ್ಪುತ್ತಿರಲಿಲ್ಲ. ತೆರೆಯ ಮೇಲಿನ ಭಿಕಾರಿ ಎಷ್ಟೇ ಹಾಸ್ಯಾಸ್ಪದವಾಗಿರಲಿ, ಅವನ ಹಿಂದಿನ ಸಂಗೀತ ಮಾತ್ರ ಕೋಮಲವಾಗಿ, ಘನತೆಯಿಂದ ಕೂಡಿರಬೇಕು ಎಂಬುದು ಆತನ ಪಟ್ಟು. ಬಡವನ ಬಟ್ಟೆಯನ್ನು ನೋಡಿ ನಗಬಹುದು, ಅವನ ಹೃದಯವನ್ನಲ್ಲ ಎಂಬ ನೀತಿ ಅದರಲ್ಲಿ ಅಡಗಿತ್ತು.

1927ರಲ್ಲಿ ವಾಕ್ಚಿತ್ರಗಳ ಯುಗ ಆರಂಭವಾಯಿತು. ಎಲ್ಲರೂ ಮಾತಿಗೆ ಮುಗಿಬಿದ್ದಾಗ ಚಾಪ್ಲಿನ್ ಮಾತ್ರ ಬಾಯಿ ತೆರೆಯಲಿಲ್ಲ. 1931ರಲ್ಲಿ ಬಂದ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಸಂಗೀತವಿದೆ, ಸದ್ದುಗಳಿವೆ, ಸಂಭಾಷಣೆಯಿಲ್ಲ. ಚಿತ್ರದ ಮೊದಲ ದೃಶ್ಯದಲ್ಲಿ ‘ಶಾಂತಿ ಮತ್ತು ಸಮೃದ್ಧಿ’ ಎಂಬ ಸ್ಮಾರಕದ ಅನಾವರಣ ನಡೆಯುತ್ತಿದೆ. ಗಣ್ಯರು ಭಾಷಣ ಮಾಡುತ್ತಾರೆ, ಆದರೆ ಅವರ ಬಾಯಿಂದ ಹೊರಡುವುದು ಪೀಪಿಯಂತಹ ಕೀರಲು ಸದ್ದು ಮಾತ್ರ. ಪರದೆ ಸರಿಸಿದರೆ ಪ್ರತಿಮೆಯ ಮಡಿಲಲ್ಲಿ ಮನೆಯಿಲ್ಲದ ಅಲೆಮಾರಿ ಮಲಗಿದ್ದಾನೆ! ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ ಅಧಿಕಾರಸ್ಥರ ಭಾಷಣಗಳಿಗೆ ಎಷ್ಟು ಬೆಲೆಯೆಂಬುದನ್ನು ಆತ ಒಂದು ಪೀಪಿಯಿಂದ ಹೇಳಿದ.

ಅದೇ ವರ್ಷ ಆತ ಲೋಕಸಂಚಾರಕ್ಕೆ ಹೊರಟ. ಆಗಲೇ ನಮ್ಮ ದೇಶದ ಇತಿಹಾಸಕ್ಕೂ ಆತನ ಕಥೆಗೂ ಒಂದು ಗಂಟು ಬಿದ್ದಿತು. ಎರಡನೆಯ ದುಂಡುಮೇಜಿನ ಪರಿಷತ್ತಿಗಾಗಿ ಲಂಡನ್ನಿಗೆ ಹೋಗಿದ್ದ ಗಾಂಧೀಜಿಯವರನ್ನು ಆತ 1931ರ ಸೆಪ್ಟೆಂಬರ್ 22ರಂದು ಭೇಟಿಯಾದ. ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿದ್ದ ಭಾರತೀಯ ವೈದ್ಯ ಡಾ. ಕತಿಯಾಲರ ಮನೆ ಆ ಭೇಟಿಯ ಸ್ಥಳ. ಗಾಂಧೀಜಿಗೆ ಚಾಪ್ಲಿನ್‌ನ ಚಿತ್ರಗಳ ಪರಿಚಯವಿರಲಿಲ್ಲ. ಯಂತ್ರಗಳನ್ನು ತಾವು ಏಕೆ ವಿರೋಧಿಸುತ್ತೀರಿ, ಅವು ಮನುಷ್ಯನ ದುಡಿಮೆಯನ್ನು ಹಗುರ ಮಾಡಲಾರವೇ ಎಂದು ಚಾಪ್ಲಿನ್ ಕೇಳಿದ. ಯಂತ್ರಗಳ ಮೂಲಕವೇ ಭಾರತ ಇಂಗ್ಲೆಂಡಿಗೆ ಅಧೀನವಾಯಿತು, ಆ ಅಧೀನತೆಯಿಂದ ಬಿಡಿಸಿಕೊಳ್ಳಲಿಕ್ಕಾಗಿಯೇ ನಮ್ಮ ಜನ ತಮ್ಮ ಬಟ್ಟೆಯನ್ನು ತಾವೇ ನೂಲಬೇಕು ಎಂಬರ್ಥದಲ್ಲಿ ಗಾಂಧೀಜಿ ಉತ್ತರಿಸಿದರು. ಈ ಸಂಭಾಷಣೆಯನ್ನು ಚಾಪ್ಲಿನ್ ಆತ್ಮಕಥೆಯಲ್ಲಿ ಗೌರವದಿಂದ ನೆನೆದಿದ್ದಾನೆ.

1936ರ ‘ಮಾಡರ್ನ್ ಟೈಮ್ಸ್’ ಚಿತ್ರಕ್ಕೆ ಈ ಭೇಟಿಯೊಂದೇ ಕಾರಣವೆನ್ನಲಾಗದು. ಡೆಟ್ರಾಯಿಟಿನ ಕಾರ್ಖಾನೆಗಳಿಗೆ ಹಳ್ಳಿಗಳಿಂದ ಬಂದ ತರುಣರು ಸಾಗುಪಟ್ಟಿಯ ಮುಂದೆ ದುಡಿದು ನರದೌರ್ಬಲ್ಯಕ್ಕೆ ತುತ್ತಾಗುತ್ತಿದ್ದ ಸಂಗತಿಯನ್ನು ಪತ್ರಕರ್ತನೊಬ್ಬನಿಂದ ಕೇಳಿದ್ದನ್ನೂ ಆತ ಹೇಳಿದ್ದಾನೆ. ಚಿತ್ರದಲ್ಲಿ ಚಾರ್ಲಿ ದಿನವಿಡೀ ಬೋಲ್ಟು ಬಿಗಿಯುತ್ತಾನೆ. ಪಟ್ಟಿ ನಿಂತರೂ ಅವನ ಕೈಗಳ ಅದುರಾಟ ನಿಲ್ಲುವುದಿಲ್ಲ. ಊಟದ ಬಿಡುವನ್ನು ಉಳಿಸಲು ಮಾಲೀಕ ತರಿಸಿದ ಉಣಿಸುವ ಯಂತ್ರ ಅವನ ಬಾಯಿಗೆ ಬಡಿಯುತ್ತದೆ. ಬೀದಿಯಲ್ಲಿ ಲಾರಿಯಿಂದ ಬಿದ್ದ ಕೆಂಪು ಬಾವುಟವನ್ನು ಹಿಂದಿರುಗಿಸಲೆಂದು ಎತ್ತಿ ಬೀಸುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಕಾರ್ಮಿಕರ ಮೆರವಣಿಗೆಯೊಂದು ಬಂದು ಅವನನ್ನು ಕೂಡಿಕೊಳ್ಳುತ್ತದೆ. ಇವನೇ ನಾಯಕನೆಂದು ಪೊಲೀಸರು ಹಿಡಿದೊಯ್ಯುತ್ತಾರೆ. ಮುಂದೆ ಚಾಪ್ಲಿನ್‌ನ ಸ್ವಂತ ಬದುಕಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ.

ಈ ಚಿತ್ರದ ಕೊನೆಯ ಭಾಗದಲ್ಲಿ ಲೋಕ ಮೊದಲ ಬಾರಿಗೆ ತೆರೆಯ ಮೇಲೆ ಚಾಪ್ಲಿನ್‌ನ ದನಿಯನ್ನು ಕೇಳಿತು. ಹೋಟೆಲಿನಲ್ಲಿ ಹಾಡಬೇಕಾದ ಚಾರ್ಲಿ, ಹಾಡನ್ನು ಬರೆದುಕೊಂಡಿದ್ದ ತೋಳಪಟ್ಟಿಯನ್ನು ಕಳೆದುಕೊಂಡು, ಯಾವ ಭಾಷೆಯೂ ಅಲ್ಲದ ಅರ್ಥಹೀನ ಶಬ್ದಗಳನ್ನೇ ಹಾಡಿಬಿಡುತ್ತಾನೆ. ಅಭಿನಯದಿಂದ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ. ಅದೇ ಚಿತ್ರದ ಕೋಮಲವಾದ ರಾಗವೊಂದಕ್ಕೆ 1954ರಲ್ಲಿ ಬೇರೆಯವರು ಸಾಹಿತ್ಯ ಜೋಡಿಸಿದರು. ಅದೇ ಇಂದಿಗೂ ಲೋಕ ಗುನುಗುವ ‘ಸ್ಮೈಲ್’ ಹಾಡು.

ಮಾತನ್ನು ಇಷ್ಟೊಂದು ಅನುಮಾನದಿಂದ ಕಂಡ ಮನುಷ್ಯ ಕೊನೆಗೆ ಗಂಭೀರವಾಗಿ ಬಾಯಿ ತೆರೆದದ್ದು ಹಿಟ್ಲರನ ವಿರುದ್ಧ. ಇಬ್ಬರೂ ಹುಟ್ಟಿದ್ದು 1889ರ ಏಪ್ರಿಲ್ ತಿಂಗಳಲ್ಲಿ, ನಾಲ್ಕು ದಿನಗಳ ಅಂತರದಲ್ಲಿ. ಮೀಸೆಯೂ ಒಂದೇ ಬಗೆಯದು. ಚಾಪ್ಲಿನ್ ಯಹೂದಿಯಲ್ಲದಿದ್ದರೂ ನಾಜಿಗಳ ಪ್ರಚಾರ ಪುಸ್ತಕವೊಂದು ಆತನನ್ನು ಯಹೂದಿಗಳ ಪಟ್ಟಿಗೆ ಸೇರಿಸಿ ಹೀಯಾಳಿಸಿತ್ತು. ಅದನ್ನು ಅಲ್ಲಗಳೆದು ತಾನು ಬೇರೆಯವನೆಂದು ಸಾರುವುದು ಯಹೂದಿದ್ವೇಷಿಗಳಿಗೆ ಅನುಕೂಲ ಮಾಡಿಕೊಟ್ಟಂತೆ ಎಂಬುದು ಆತನ ನಿಲುವಾಗಿತ್ತು. ‘ನೀನು ಯಾರವನು?’ ಎಂಬ ಪ್ರಶ್ನೆಗೆ ಆತ ಕೊಟ್ಟ ಮೊದಲ ಉತ್ತರ ಈ ಮೌನ.

‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದ ಚಿತ್ರೀಕರಣ ಆರಂಭವಾದದ್ದು 1939ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಸಿಡಿದ ಕೆಲವೇ ದಿನಗಳಲ್ಲಿ. ಅಮೆರಿಕೆ ಆಗಿನ್ನೂ ತಟಸ್ಥವಾಗಿತ್ತು. ಇಂಥ ಚಿತ್ರ ಬೇಡವೆಂದು ಹಿತೈಷಿಗಳು ಎಚ್ಚರಿಸಿದರೂ ಚಾಪ್ಲಿನ್ ತನ್ನ ಸ್ವಂತ ಹಣ ಹಾಕಿ ಚಿತ್ರ ಮುಗಿಸಿದ. 1940ರ ಅಕ್ಟೋಬರ್ 15ರಂದು ಅದು ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಸರ್ವಾಧಿಕಾರಿ ಹಿಂಕೆಲ್ ಮತ್ತು ಬಡ ಯಹೂದಿ ಕ್ಷೌರಿಕ, ಎರಡೂ ಪಾತ್ರಗಳು ಚಾಪ್ಲಿನ್‌ನವೇ. ನಾಯಕಿಗೆ ಇಟ್ಟ ಹೆಸರು ತನ್ನ ತಾಯಿಯದು: ಹನ್ನಾ.

ಈ ಚಿತ್ರದಲ್ಲಿ ಸಂಗೀತದ ಬಳಕೆಯನ್ನು ಗಮನಿಸಬೇಕು. ಸರ್ವಾಧಿಕಾರಿ ಭೂಗೋಳದ ಬಲೂನನ್ನು ಕೈಯಲ್ಲಿ ಹಿಡಿದು, ತಲೆಯಿಂದ ಹಾರಿಸಿ, ಮೋಹದಿಂದ ನರ್ತಿಸುವ ದೃಶ್ಯಕ್ಕೆ ಚಾಪ್ಲಿನ್ ಆರಿಸಿಕೊಂಡದ್ದು ವಾಗ್ನರನ ‘ಲೋಹೆನ್‌ಗ್ರಿನ್’ ಸಂಗೀತನಾಟಕದ ಪೂರ್ವರಂಗದ ಸಂಗೀತವನ್ನು. ವಾಗ್ನರ್ ಹಿಟ್ಲರನ ಮೆಚ್ಚಿನ ಸಂಗೀತಗಾರ. ಬಲೂನು ಪಟ್ಟನೆ ಒಡೆದು ನರ್ತನ ಮುಗಿಯುತ್ತದೆ. ಕೊನೆಯ ದೃಶ್ಯದಲ್ಲಿ ಕ್ಷೌರಿಕನನ್ನೇ ಸರ್ವಾಧಿಕಾರಿಯೆಂದು ತಪ್ಪಾಗಿ ತಿಳಿದು ಸೈನ್ಯದ ಮುಂದೆ ಭಾಷಣಕ್ಕೆ ನಿಲ್ಲಿಸುತ್ತಾರೆ. ಆಗ ಚಾಪ್ಲಿನ್ ವೇಷವನ್ನೇ ಮರೆತವನಂತೆ ಕ್ಯಾಮೆರಾವನ್ನು ದಿಟ್ಟಿಸಿ, ದ್ವೇಷವನ್ನು ಬಿಡಿ, ಯಂತ್ರಗಳಾಗಬೇಡಿ, ಮನುಷ್ಯರಾಗಿ ಎಂಬ ಆಶಯದ ಮಾತುಗಳನ್ನು ನೇರವಾಗಿ ಆಡುತ್ತಾನೆ. ದೂರದಲ್ಲಿ ಹನ್ನಾ ಕಣ್ಣೀರೊರೆಸಿಕೊಂಡು ಆ ದನಿಯನ್ನು ಆಲಿಸುವಾಗ ಕೇಳಿಬರುವುದು ಅದೇ ‘ಲೋಹೆನ್‌ಗ್ರಿನ್’ ಸಂಗೀತ! ಸರ್ವಾಧಿಕಾರಿಯ ಹುಚ್ಚಿಗೆ ತಾಳ ಹಾಕಿದ ರಾಗವೇ ಅಟ್ಟಲ್ಪಟ್ಟ ಹೆಣ್ಣಿಗೆ ಸಾಂತ್ವನವಾಗುತ್ತದೆ. ಸಂಗೀತ ಯಾವ ಸರ್ವಾಧಿಕಾರಿಯ ಸೊತ್ತೂ ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳಬೇಕು? ಬಂಧನ ಶಿಬಿರಗಳ ನಿಜವಾದ ಭೀಕರತೆ ಆಗಲೇ ತಿಳಿದಿದ್ದರೆ ಈ ಹಾಸ್ಯಚಿತ್ರವನ್ನು ತಾನು ಮಾಡುತ್ತಿರಲಿಲ್ಲ ಎಂದು ಚಾಪ್ಲಿನ್ ಮುಂದೆ ಬರೆದ. ಆ ಮಾತು ಆತನ ಮನಸ್ಸನ್ನು ತಿಳಿಸುತ್ತದೆ.

1942ರಲ್ಲಿ ಆತ ತೆರೆಯಿಂದ ಇಳಿದು ಸಭೆಗಳಿಗೂ ಹೋದ. ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ರಷ್ಯಾಕ್ಕೆ ನೆರವಾಗಲು ಯುರೋಪಿನಲ್ಲಿ ಎರಡನೆಯ ರಣರಂಗವನ್ನು ತೆರೆಯಬೇಕೆಂದು ಭಾಷಣ ಮಾಡಿದ. ಸಾನ್‌ಫ್ರಾನ್ಸಿಸ್ಕೋ ಸಭೆಯಲ್ಲಿ ಕೇಳುಗರನ್ನು ‘ಕಾಮ್ರೇಡ್’ ಎಂದು ಸಂಬೋಧಿಸಿದ. ಅಂದು ರಷ್ಯಾ ಅಮೆರಿಕೆಯ ಮಿತ್ರರಾಷ್ಟ್ರ. ಯುದ್ಧ ಮುಗಿದು ಶೀತಲ ಸಮರ ಆರಂಭವಾದೊಡನೆ ಆ ಸಂಬೋಧನೆಯೇ ಅಪರಾಧವಾಯಿತು. ಎಡ್ಗರ್ ಹೂವರನ ಎಫ್‌ಬಿಐ ಆತನ ಮೇಲೆ ತಯಾರಿಸಿದ ಕಡತ 1,900 ಪುಟಗಳನ್ನೂ ಮೀರಿತು.

ಚಾಪ್ಲಿನ್ ದೋಷರಹಿತನೆಂದು ನಾನು ಹೇಳುತ್ತಿಲ್ಲ. ಆತನ ಮೊದಲ ಇಬ್ಬರು ಹೆಂಡತಿಯರು ಮದುವೆಯಾದಾಗ ಹದಿನಾರರ ಹುಡುಗಿಯರು. ಆ ಸಂಸಾರಗಳಲ್ಲಿ ಅವರು ಪಟ್ಟ ಪಾಡನ್ನು ನಗುವಿನ ಮರೆಯಲ್ಲಿ ಮುಚ್ಚಬಾರದು. ಸ್ಟಾಲಿನ್ನನ ಕ್ರೌರ್ಯದ ಬಗ್ಗೆ ಆತ ಹಿಟ್ಲರನ ಬಗ್ಗೆ ಆಡಿದಷ್ಟು ಮಾತಾಡಲಿಲ್ಲ ಎಂಬುದೂ ನಿಜ. ಆದರೆ ಅಮೆರಿಕೆಯ ಸರ್ಕಾರಕ್ಕೆ ಬೇಕಾಗಿದ್ದುದು ಈ ದೋಷಗಳ ವಿಚಾರಣೆಯಲ್ಲ. ಆತನ ಬಾಯಿ ಮುಚ್ಚಿಸುವುದು.

1947ರ ಏಪ್ರಿಲಿನಲ್ಲಿ ತನ್ನ ‘ಮಸ್ಯೂ ವರ್ದು’ ಚಿತ್ರಕ್ಕಾಗಿ ಆತ ಕರೆದ ಪತ್ರಿಕಾಗೋಷ್ಠಿಯಲ್ಲಿ ಚಿತ್ರದ ಮಾತೇ ಹಿಂದಾಯಿತು. ನೀನು ಕಮ್ಯುನಿಸ್ಟನೆ? ಇಷ್ಟು ವರ್ಷ ಇಲ್ಲಿ ಗಳಿಸಿಯೂ ಅಮೆರಿಕೆಯ ಪೌರನೇಕೆ ಆಗಲಿಲ್ಲ? ಇವೇ ಪ್ರಶ್ನೆಗಳು. ತಾನು ಇಡೀ ಜಗತ್ತಿನ ಪೌರನೆಂದು ಭಾವಿಸಿರುವುದಾಗಿ ಆತ ಉತ್ತರಿಸಿದ. ಅದೇ ವರ್ಷ, ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಜರ್ಮನ್ ಸಂಗೀತಗಾರ ಹಾನ್ಸ್ ಐಸ್ಲರನನ್ನು ಅಮೆರಿಕೆಯಿಂದ ಹೊರಹಾಕುವ ಕ್ರಮ ಆರಂಭವಾದಾಗ, ಪ್ಯಾರಿಸಿನಲ್ಲಿ ಪ್ರತಿಭಟನೆ ಸಂಘಟಿಸುವಂತೆ ಚಿತ್ರಕಾರ ಪಿಕಾಸೊಗೆ ತಂತಿ ಕಳುಹಿಸಿದ. ತನ್ನ ಕಾಲ ಕೆಳಗಿನ ನೆಲವೇ ಅಲುಗಾಡುತ್ತಿದ್ದಾಗ ಇನ್ನೊಬ್ಬ ವಲಸಿಗನ ಪರವಾಗಿ ನಿಂತ ನಡೆ ಇದು.

1952ರ ಸೆಪ್ಟೆಂಬರಿನಲ್ಲಿ, ‘ಲೈಮ್‌ಲೈಟ್’ ಚಿತ್ರದ ಲಂಡನ್ ಪ್ರದರ್ಶನಕ್ಕಾಗಿ ಚಾಪ್ಲಿನ್ ಹೆಂಡತಿ ಊನಾ ಹಾಗೂ ಮಕ್ಕಳೊಡನೆ ‘ಕ್ವೀನ್ ಎಲಿಜಬೆತ್’ ಹಡಗನ್ನೇರಿದ. ಹಡಗು ಇನ್ನೂ ಸಮುದ್ರದಲ್ಲಿರುವಾಗಲೇ, ಸೆಪ್ಟೆಂಬರ್ 19ರಂದು, ಅಮೆರಿಕೆಯ ಅಟಾರ್ನಿ ಜನರಲ್ ಆತನ ಮರುಪ್ರವೇಶದ ಅನುಮತಿಯನ್ನು ರದ್ದುಪಡಿಸಿದ. ಮರಳಿ ಬರಬೇಕಾದರೆ ತನ್ನ ರಾಜಕೀಯ ನಿಲುವು ಮತ್ತು ನಡತೆಯ ಬಗ್ಗೆ ವಿಚಾರಣೆಗೆ ಒಳಗಾಗಬೇಕಿತ್ತು. ನಲವತ್ತು ವರ್ಷ ದುಡಿದ ನೆಲದ ಬಾಗಿಲು ಒಂದು ಕಾಗದದ ಮೂಲಕ ಮುಚ್ಚಿತು. ಪೌರನಾಗಿದ್ದರೆ ಹೀಗೆ ಮಾಡಲು ಸಾಧ್ಯವಿರಲಿಲ್ಲ. ಅತಿಥಿಯಾದ್ದರಿಂದ ಸಾಧ್ಯವಾಯಿತು. 1917ರ ಚಿತ್ರದಲ್ಲಿ ಆತ ತೋರಿಸಿದ ಹಗ್ಗ ಮೂವತ್ತೈದು ವರ್ಷಗಳ ಬಳಿಕ ಆತನ ಎದುರಿಗೇ ಬಂದಿತು.

ಅಷ್ಟರಲ್ಲಿ ಆತನ ಮೂಲವನ್ನೇ ಕೆದಕುವ ಕೆಲಸವೂ ನಡೆದಿತ್ತು. ಆತನ ನಿಜವಾದ ಹೆಸರು ಬೇರೆ, ಹುಟ್ಟಿದ್ದು ಫ್ರಾನ್ಸಿನಲ್ಲಿ ಎಂಬಂಥ ವದಂತಿಗಳನ್ನು ತನಿಖೆ ಮಾಡಲು ಅಮೆರಿಕೆ ಬ್ರಿಟನ್ನಿನ ಎಂಐ5 ಗುಪ್ತಚರ ಸಂಸ್ಥೆಯನ್ನು ಕೋರಿತ್ತು. ಅವರು ಹುಡುಕಿದರೂ ಆತನ ಜನನ ದಾಖಲೆ ಸಿಗಲಿಲ್ಲ. ಆತನಿಂದ ದೇಶಕ್ಕೆ ಅಪಾಯವಿದೆಯೆಂಬುದಕ್ಕೂ ಆಧಾರ ಸಿಗಲಿಲ್ಲ. 2012ರಲ್ಲಿ ಬಹಿರಂಗಗೊಂಡ ಕಡತಗಳಿಂದ ಇದು ಲೋಕಕ್ಕೆ ತಿಳಿಯಿತು.

ಚಾಪ್ಲಿನ್ 1953ರಲ್ಲಿ ಸ್ವಿಟ್ಸರ್ಲೆಂಡಿನ ವೆವೇ ಪಟ್ಟಣದ ಬಳಿ ನೆಲೆಸಿದ. 1957ರಲ್ಲಿ ತಯಾರಿಸಿದ ‘ಎ ಕಿಂಗ್ ಇನ್ ನ್ಯೂಯಾರ್ಕ್’ ಚಿತ್ರದಲ್ಲಿ ತನ್ನನ್ನು ಅಟ್ಟಿದ ವಿಚಾರಣಾ ಸಮಿತಿಯ ಮೇಲೆ ಬೆಂಕಿ ಆರಿಸುವ ಕೊಳವೆಯಿಂದ ನೀರು ಹಾರಿಸಿ ನಗಿಸಿದ. ಆದರೆ ಆ ಚಿತ್ರದಲ್ಲಿ ಮನಸ್ಸನ್ನು ಹಿಂಡುವುದು ಒಬ್ಬ ಹುಡುಗನ ಪಾತ್ರ. ತಂದೆ ತಾಯಿಯನ್ನು ಉಳಿಸಿಕೊಳ್ಳಲು ಅವರ ಗೆಳೆಯರ ಹೆಸರುಗಳನ್ನು ಅಧಿಕಾರಿಗಳಿಗೆ ಹೇಳಿ, ತಲೆತಗ್ಗಿಸಿ ನಿಲ್ಲುವ ಆ ಮಗುವಿನ ಪಾತ್ರವನ್ನು ಮಾಡಿದವನು ಚಾಪ್ಲಿನ್‌ನ ಮಗ ಮೈಕೇಲ್.

ಇನ್ನು ‘ಲೈಮ್‌ಲೈಟ್’ ಚಿತ್ರದ ಕಥೆ. ಅದರಲ್ಲಿ ರಾಜಕೀಯವೇ ಇಲ್ಲ. ಮುಪ್ಪಾದ ವಿದೂಷಕನೊಬ್ಬ ಬದುಕಿನಲ್ಲಿ ಆಸೆ ಕಳೆದುಕೊಂಡ ನರ್ತಕಿಗೆ ಧೈರ್ಯ ತುಂಬಿ, ತಾನು ಮರೆಯಾಗುವ ಕಥೆ. ಆದರೂ ಪ್ರತಿಭಟನೆಗಳಿಗೆ ಹೆದರಿ ಅಮೆರಿಕೆಯ ಅನೇಕ ಚಿತ್ರಮಂದಿರಗಳು ಅದನ್ನು ಕೈಬಿಟ್ಟವು. ಲಾಸ್ ಏಂಜಲೀಸಿನಲ್ಲಿ ಅದು ತೆರೆಕಂಡದ್ದು ಇಪ್ಪತ್ತು ವರ್ಷ ತಡವಾಗಿ, 1972ರಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ ಗೌರವ ಆಸ್ಕರ್ ಸ್ವೀಕರಿಸಲು ಬಂದ 82ರ ವೃದ್ಧನಿಗೆ ಸಭಿಕರೆಲ್ಲ ಎದ್ದುನಿಂತು ಬಹು ಹೊತ್ತು ಕರತಾಡನ ಮಾಡಿದರು. ಮರುವರ್ಷ ‘ಲೈಮ್‌ಲೈಟ್’ ಚಿತ್ರಕ್ಕೆ ಇನ್ನೊಂದು ಆಸ್ಕರ್ ಬಂದಿತು. ಸ್ಪರ್ಧೆಯಲ್ಲಿ ಚಾಪ್ಲಿನ್ ಗೆದ್ದ ಏಕೈಕ ಆಸ್ಕರ್ ಅದು. ಅದು ನಟನೆಗಲ್ಲ, ನಿರ್ದೇಶನಕ್ಕೂ ಅಲ್ಲ. ಸಂಗೀತಕ್ಕೆ, ಇನ್ನಿಬ್ಬರೊಡನೆ ಹಂಚಿಕೊಂಡದ್ದು. ಸ್ವರಲಿಪಿ ಬಾರದ ಪರದೇಶಿಯ ರಾಗವನ್ನು ಎರಡು ದಶಕಗಳ ಕಾಲ ಹೊರಗೆ ನಿಲ್ಲಿಸಿದ ಊರೇ ಕೊನೆಗೆ ಅದನ್ನು ಒಳಗೆ ಕರೆಯಿತು. ಹಳೆಯ ಮೂಕಿಚಿತ್ರಗಳಿಗೆ ಸಂಗೀತ ರಚಿಸುವ ಕೆಲಸವನ್ನು ಚಾಪ್ಲಿನ್ 1976ರವರೆಗೂ ಬಿಡಲಿಲ್ಲ. 1977ರ ಡಿಸೆಂಬರ್ 25ರಂದು ತೀರಿಕೊಂಡ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಹಳೆಯ ಪ್ರಶ್ನೆ ನಮ್ಮ ಕರ್ನಾಟಕದ ಕರಾವಳಿಗೂ ಬಂದಿತು. 2009ರಲ್ಲಿ ಉಡುಪಿ ಜಿಲ್ಲೆಯ ಮರವಂತೆ–ಬೈಂದೂರು ಭಾಗದ ಕಡಲತೀರದಲ್ಲಿ ಕನ್ನಡ ಚಿತ್ರವೊಂದರ ನಿರ್ದೇಶಕರು ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆಯನ್ನು ನಿಲ್ಲಿಸಲು ಹೊರಟರು. ಆತ ಕ್ರೈಸ್ತನೆಂಬ ಕಾರಣ ಮುಂದಿಟ್ಟು ಕೆಲವರು ಅಡ್ಡಿಪಡಿಸಿದ ಸುದ್ದಿ ದೇಶವಿದೇಶಗಳಲ್ಲಿ ಪ್ರಕಟವಾಯಿತು. ನಾಜಿಗಳು ಆತನನ್ನು ಯಹೂದಿ ಎಂದರು, ಅಮೆರಿಕೆಯವರು ಕಮ್ಯುನಿಸ್ಟ್ ಎಂದರು, ನಮ್ಮವರು ಕ್ರೈಸ್ತ ಎಂದರು. ಬಂದವನ ಕುಲಮೂಲವನ್ನು ಕೇಳದೆ ನಮ್ಮವನೆಂದೆಣಿಸಬೇಕೆಂದು ಬಸವಣ್ಣನವರು ಹಾಡಿದ ನಾಡಿನಲ್ಲಿ ಹೀಗಾದುದು ನನ್ನ ಮನಸ್ಸನ್ನು ಇಂದಿಗೂ ನೋಯಿಸುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು, ನಮ್ಮ ಬಂಧುಗಳ ಮಕ್ಕಳಲ್ಲಿ ಕೆಲವರು ಇಂದು ಹೊರದೇಶಗಳಲ್ಲಿ ಬದುಕು ಕಟ್ಟಿಕೊಂಡಿದ್ದೀರಿ. ವೀಸಾ, ಪರವಾನಗಿ, ಪೌರತ್ವ ಎಂಬ ಕಾಗದಗಳ ಬೆಲೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಅನ್ನ ಕೊಟ್ಟ ನೆಲದ ತಪ್ಪನ್ನು ಅತಿಥಿಯಾದವನು ಎತ್ತಿ ಆಡಬಹುದೇ ಎಂಬ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು. ಸುಮ್ಮನಿರುವವರನ್ನು ನಾನು ಹೀಗಳೆಯಲಾರೆ. ಸಂಸಾರಸ್ಥರ ಭಯ ನನಗೆ ಅರ್ಥವಾಗುತ್ತದೆ. ಚಾಪ್ಲಿನ್‌ನ ಬದುಕು ಹೇಳುವುದಿಷ್ಟು: ತಾನು ದುಡಿದು ಪ್ರೀತಿಸಿದ ನೆಲದ ಬಗ್ಗೆ ಮಾತನಾಡುವ ಹಕ್ಕು ಕಾಗದದಿಂದ ಬರುವುದಿಲ್ಲ. ಕಾಗದ ಆ ನೆಲದಿಂದ ಹೊರಹಾಕಬಲ್ಲುದು, ಆಡಿದ ಮಾತನ್ನು ಅಳಿಸಲಾರದು.

ಮಕ್ಕಳಿಗೆ ರಜೆಯಿರುವಾಗ ಮೊದಲು ‘ದಿ ಇಮಿಗ್ರೆಂಟ್’ ತೋರಿಸಿ, ಅರ್ಧ ಗಂಟೆಯೂ ಹಿಡಿಯದು. ಅನಂತರ ‘ಮಾಡರ್ನ್ ಟೈಮ್ಸ್’, ಕೊನೆಗೆ ‘ದಿ ಗ್ರೇಟ್ ಡಿಕ್ಟೇಟರ್’. ಅವರು ಮನಸಾರೆ ನಗಲಿ, ನಡುವೆ ಉಪದೇಶ ಮಾಡಬೇಡಿ. ನಗು ಮುಗಿದ ಮೇಲೆ ಆ ಹಗ್ಗ ಏಕೆ ಕಟ್ಟಿದರು ಎಂದು ಅವರಾಗಿಯೇ ಕೇಳುತ್ತಾರೆ. ಆಗ ಈ ಪರದೇಶಿಯ ಕಥೆಯನ್ನು ಹೇಳಿ.